ಸೂಜಿ ಚುಚ್ಚಿದ ಎರಡನೆಯ ನಿಮಿಷ

ನಮ್ಮ ಸಿದ್ದಾಪುರದ ದೊಡ್ಡವರಿಗೆ ಬಡವರ ಕಣ್ಣಿನ ಮೇಲೆ ಕರುಣೆ ಹುಟ್ಟಿದ್ದು ಶಿರಸಿಯವರು ಕಣ್ಣಿನ ಶಿಬಿರ ಮಾಡಿದ ಮರುವರ್ಷ. ಅದಕ್ಕಿಂತ ಮೊದಲು ತಾಲೂಕಿನಲ್ಲಿ ಪೊರೆ ಬಂದ ಕಣ್ಣುಗಳು ಇರಲಿಲ್ಲ ಎಂದಲ್ಲ. ಗೋಡೆ ತಡವಿ ನಡೆಯುವ ಮುದುಕರು ಎಷ್ಟೋ ಜಗಲಿಗಳ ಮೇಲಿದ್ದರು. ಅವರ ಕಾಲು ದಾಟಿಕೊಂಡೇ ಈ ದೊಡ್ಡವರು ಊಟಕ್ಕೆ ಹೋಗಿ ಬರುತ್ತಿದ್ದರು. ಆದರೆ ಶಿರಸಿಯಲ್ಲಿ ಇಷ್ಟು ಕಣ್ಣಿನ ಪೊರೆ ತೆಗೆದರಂತೆ ಎಂಬ ಸುದ್ದಿ ಬಸ್ಸಿನಿಂದ ಇಳಿದ ದಿನ, ಅದಕ್ಕಿಂತ ಒಂದು ಕಣ್ಣಾದರೂ ಹೆಚ್ಚು ಮಾಡಿಸದಿದ್ದರೆ ತಾಲೂಕಿನ ಮರ್ಯಾದೆ ಉಳಿಯದು ಎಂದು ಅವರಿಗೆ ಹೊಳೆಯಿತು.

ನಮ್ಮ ಸೀಮೆ ಮುಂಬೈ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗ ಎರಡು ವರ್ಷವೋ ಮೂರು ವರ್ಷವೋ ಆಗಿತ್ತು. ನಾನು ಅಲ್ಲಿಯ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದೆ. ಶಿಬಿರಕ್ಕೆ ನಮ್ಮ ಶಾಲೆಯನ್ನೇ ಬಿಟ್ಟುಕೊಟ್ಟಿದ್ದರು. ಶಾಲಾ ಕಮಿಟಿಯ ಅಧ್ಯಕ್ಷರೇ ಶಿಬಿರದ ಅಧ್ಯಕ್ಷರೂ ಆಗಿದ್ದರು. ಅವರು ನನ್ನನ್ನು ಕರೆಸಿ, ಬಾಗಿಲಿಗೆ ಹಾಕುವ ಫಲಕ ಬರೆಯಲು ಹೇಳಿದರು. ಎಲೆ, ಅಡಿಕೆ, ಸುಣ್ಣ, ತಂಬಾಕು ಎಲ್ಲ ಸೇರಿದ ದೊಡ್ಡ ಕವಳ ಅವರ ಬಾಯಲ್ಲಿತ್ತು. ರಸ ಅಂಗಿಯ ಮೇಲೆ ಬೀಳಬಾರದೆಂದು ಗದ್ದ ಮೇಲೆತ್ತಿ, ಸೂರಿನ ಕಡೆ ನೋಡುತ್ತ ಅವರು ಹೇಳಿದ ವಾಕ್ಯ ಇದು: ‘ರೋಗಿಗಳು ಕವಳ ಹಾಕಬಾರದು.’ ನಾನು ದುಂಡಗೆ ಬರೆದೆ. ಅಕ್ಷರ ಚಂದವಾಗಿದೆ ಎಂದು ಮೆಚ್ಚಿ ಅವರು ಕಿಟಕಿಯಿಂದ ಹೊರಗೆ ಉಗುಳಿದರು.

ನನಗೆ ಇನ್ನೊಂದು ಕೆಲಸವನ್ನೂ ಕೊಟ್ಟರು. ನನ್ನ ಹತ್ತಿರ ಕೈಗಡಿಯಾರವಿತ್ತು. ಹೊರಗಿನಿಂದ ಬಂದಿದ್ದ ಇಬ್ಬರು ವೈದ್ಯರಲ್ಲಿ ಹಿರಿಯರು ಒಳಗಿನ ಕೋಣೆಯಲ್ಲಿ ಪೊರೆ ತೆಗೆಯುವವರು. ಕಿರಿಯರು ಅದಕ್ಕೂ ಮೊದಲು ಪಕ್ಕದ ಕೋಣೆಯಲ್ಲಿ ಕಣ್ಣು ಮರಗಟ್ಟಿಸುವವರು. ಉದ್ದದ ಸೂಜಿಯನ್ನು ಕೆಳಗಿನ ರೆಪ್ಪೆಯ ಬದಿಯಿಂದ ಕಣ್ಣಿನ ಗುಡ್ಡೆಯ ಹಿಂದಕ್ಕೆ ತೂರಿಸಿ ಮದ್ದು ಬಿಡುತ್ತಿದ್ದರು. ಹತ್ತು ನಿಮಿಷಕ್ಕೆ ಕಣ್ಣು ಅಲುಗುವುದು ನಿಲ್ಲುತ್ತಿತ್ತು, ನೋವೂ ಇರುತ್ತಿರಲಿಲ್ಲ. ಯಾರಿಗೆ ಯಾವ ಕಣ್ಣಿಗೆ ಎಷ್ಟು ಹೊತ್ತಿಗೆ ಸೂಜಿ ಕೊಟ್ಟರು ಎಂದು ಶಾಲೆಯ ನೋಟಬುಕ್ಕಿನಲ್ಲಿ ಬರೆದು, ಹತ್ತು ನಿಮಿಷವಾದೊಡನೆ ಒಳಗೆ ಹೇಳುವುದು ನನ್ನ ಕೆಲಸ. ಎರಡೆರಡು ಬೆಂಚು ಸೇರಿಸಿ ಹಗ್ಗ ಬಿಗಿದು ಮೂರು ಹಾಸಿಗೆ ಮಾಡಿದ್ದರು. ಒಬ್ಬರು ಎದ್ದ ಕೂಡಲೇ ಇನ್ನೊಬ್ಬರು ಮಲಗಬೇಕು. ಅಧ್ಯಕ್ಷರು ಬಾಗಿಲಲ್ಲಿ ನಿಂತು ಎಣಿಸುತ್ತಿದ್ದರು.

ಎರಡನೆಯ ದಿನ ನನ್ನ ಸೋದರತ್ತೆ ಬಂದಳು. ಅವಳ ಮನೆ ಬಿಳಗಿಯಲ್ಲಿ. ಮಕ್ಕಳಿರಲಿಲ್ಲ. ನಾನು ಶಾಲೆ ಕಲಿತದ್ದು ಅವಳ ಮನೆಯಲ್ಲಿ ಉಂಡು. ಮಾವ ದನಕರು ಬಿಟ್ಟು ಹೊರಡುವವರಲ್ಲವಾದ್ದರಿಂದ ಅವಳನ್ನು ನಾನೇ ಕರೆತಂದಿದ್ದೆ. ಎಡಗಣ್ಣಿನ ಪೊರೆ ಬಲಿತು ಬೆಳ್ಳಗಾಗಿತ್ತು. ಬಲಗಣ್ಣಿನದು ಶುರುವಾಗಿತ್ತು. ಬಿಳಗಿಯ ಸುತ್ತ ಅಪ್ಪೆಮಿಡಿ ಆರಿಸುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಉಪ್ಪಿನಕಾಯಿಗೆ ಹಾಕುವ ಮಿಡಿಮಾವಿನಲ್ಲಿ ಸೂಜಿಮೊನೆಯಷ್ಟು ಚುಕ್ಕಿಯಿದ್ದರೂ ಭರಣಿಯೆಲ್ಲ ಕೆಡುತ್ತದೆ. ಅವಳ ಕಣ್ಣಿಗೆ ಅದು ಬೀಳದೆ ಹೋಗುತ್ತಿರಲಿಲ್ಲ. ಹಿಂದಿನ ವರ್ಷ ಎರಡು ಭರಣಿ ಕೆಟ್ಟವು. ಅವಳಿಗೆ ಕಣ್ಣು ಬೇಕಾದದ್ದು ಇಷ್ಟಕ್ಕೇ. ಪ್ರಪಂಚ ನೋಡುವ ಆಸೆಯೇನೂ ಅವಳಿಗಿರಲಿಲ್ಲ.

ಫಲಕದ ಕೆಳಗೆ ನಿಂತು ಅವಳು ಕೇಳಿದಳು, “ಎಂತ ಬರದ್ದು ಅದು?”

ನಾನು ಓದಿ ಹೇಳಿದೆ.

“ಒಂದ್ ಚೂರು ಹಾಕ್ಕತ್ತೆ ತಮಾ. ದವಡೆ ಸಂದಿಲಿ ಇಟ್ಗಂಡ್ರೆ ಯಾರಿಗೂ ಗೊತ್ತಾಗ್ತಿಲ್ಲೆ. ಇಲ್ದಿದ್ರೆ ಎದೆ ಹೊಡ್ಕತ್ತು.”

“ಸಣ್ಣದು ಹಾಕು,” ಎಂದೆ. ಫಲಕ ಬರೆದವನೂ ನಾನೇ, ಹೂಂ ಎಂದವನೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಬೇರೆಯವರನ್ನು ಹಳಿಯುವವನಿದ್ದೇನೆ.

ನಂತರ ನಡೆದದ್ದನ್ನು ನಾನು ನೆನಪಿನಿಂದಷ್ಟೇ ಹೇಳುತ್ತಿಲ್ಲ. ನೋಟಬುಕ್ಕು ನನ್ನ ಕೈಯಲ್ಲಿತ್ತು.

ಹನ್ನೊಂದು ಗಂಟೆ ಹದಿನಾಲ್ಕು ನಿಮಿಷಕ್ಕೆ ಎಡಗಣ್ಣಿಗೆ ಸೂಜಿ. ಮೂಗಿನ ಕಡೆ ಮೇಲಕ್ಕೆ, ಸೂರಿನ ಮೂಲೆ ನೋಡಿ ಎಂದರು. ಅವಳು ಹಾಗೇ ನೋಡಿದಳು. ಅಲುಗಲಿಲ್ಲ. ವೈದ್ಯರು ಮುಂದಿನ ಹಾಸಿಗೆಗೆ ಹೋದರು.

ಹನ್ನೊಂದು ಹದಿನಾರಕ್ಕೆ ಅವಳು ನನ್ನ ಕಡೆ ಕೈ ಚಾಚಿ ಹೇಳಿದಳು, “ತಮಾ, ಈ ಬದಿದೂ ಕಾಣ್ತಿಲ್ಲೆ.”

ಸೂಜಿ ಕೊಟ್ಟದ್ದು ಎಡಗಣ್ಣಿಗೆ. ಅವಳು ಮುಟ್ಟಿ ತೋರಿಸಿದ್ದು ಬಲಗಣ್ಣನ್ನು. ಅದು ತೆರೆದೇ ಇತ್ತು. ಅದರ ಮೇಲೆ ಬಟ್ಟೆಯಾಗಲಿ ಹತ್ತಿಯಾಗಲಿ ಇರಲಿಲ್ಲ.

ಬಾಗಿಲಲ್ಲಿದ್ದ ಅಧ್ಯಕ್ಷರು ಹೇಳಿದರು, “ಒಂದು ಸೂಜಿಲಿ ಎರಡು ಕಣ್ಣಿಂದೂ ಕೆಲ್ಸ ಆಗೋತು. ನಿನ್ ನಸೀಬು ಚೊಲೋ ಇದ್ದು ಮಾರಾಯ್ತಿ.” ಕಮಿಟಿಯವರೆಲ್ಲ ನಕ್ಕರು. ನಾನೂ ನಕ್ಕೆ. ನಗುತ್ತಲೇ ಅವಳ ಮಾತನ್ನು ನೋಟಬುಕ್ಕಿನ ಅಂಚಿನಲ್ಲಿ, ಹೊತ್ತಿನ ಪಕ್ಕದಲ್ಲಿ ಬರೆದೆ. ರೋಗಿ ಆಡಿದ ಮಾತಿಗೆ ಆ ಪುಟದಲ್ಲಿ ಬೇರೆ ಜಾಗ ಇರಲಿಲ್ಲ. ಬರೆದದ್ದು ಜಾಣತನದಿಂದಲ್ಲ. ಕೇಳಿದ್ದನ್ನೆಲ್ಲ ಬರೆದಿಡುವುದು ಮಾಸ್ತರನ ಚಟ.

ಹದಿನೆಂಟಕ್ಕೆ ಅವಳ ನಾಲಿಗೆ ದಪ್ಪವಾಯಿತು. ಏನೋ ಹೇಳಿದಳು, ತಿಳಿಯಲಿಲ್ಲ. ಮೈ ಸಣ್ಣಗೆ ನಡುಗಿತು. ಇಪ್ಪತ್ತಕ್ಕೆ ನಿದ್ದೆ ಹೋದವಳ ಹಾಗೆ ಮಲಗಿದ್ದಳು. “ನೋಡಿ, ಎಂತಾ ಧೈರ್ಯ. ಗೊರಕೆ ಹೊಡೆಯದೊಂದು ಬಾಕಿ,” ಎಂದು ಅಧ್ಯಕ್ಷರು ಉಳಿದವರಿಗೆ ತೋರಿಸಿದರು.

ಇಪ್ಪತ್ತೊಂದಕ್ಕೆ ನಾನು ಅವಳ ಎದೆಯ ಮೇಲಿನ ಸೆರಗು ನೋಡಿದೆ. ಅದು ಏಳುತ್ತಿರಲಿಲ್ಲ. ತುಟಿ ನೋಡಿದೆ. ತುಟಿ ಎಂದಿನಂತೆ ಕೆಂಪಗೇ ಇತ್ತು. ಅದು ನೆತ್ತರಿನ ಕೆಂಪಲ್ಲ, ಕವಳದ ಕೆಂಪು ಎಂದು ಹೊಳೆಯಲು ನನಗೆ ಅರ್ಧ ನಿಮಿಷ ಬೇಕಾಯಿತು. ಆ ಕೋಣೆಯಲ್ಲಿ ಯಾರ ತುಟಿ ನೋಡಿದರೂ ಯಾರು ಬದುಕಿದ್ದಾರೆ ಯಾರು ಸತ್ತಿದ್ದಾರೆ ತಿಳಿಯುವಂತಿರಲಿಲ್ಲ. ಕಮಿಟಿಯವರದ್ದಂತೂ ಇನ್ನೂ ಕೆಂಪು. ಅವಳ ಕೈ ಎತ್ತಿ ಉಗುರು ನೋಡಿದೆ. ನೇರಳೆ ಹಣ್ಣಿನ ಬಣ್ಣವಾಗಿತ್ತು.

“ಉಸಿರಿಲ್ಲ,” ಎಂದೆ.

ಕಿರಿಯ ವೈದ್ಯರು ಓಡಿ ಬಂದರು. ನಾಡಿ ಹಿಡಿದು, ಇದೆ ಎಂದರು. ಅವಳ ಎರಡೂ ತೋಳುಗಳನ್ನು ತಲೆಯ ಮೇಲೆ ಎತ್ತಿ ಎದೆಗೆ ಒತ್ತಿ, ಎತ್ತಿ ಒತ್ತಿ ಮಾಡಿದರು. ಗಾಳಿ ಒಳಗೆ ಹೋಗುವ ಸದ್ದೇ ಇಲ್ಲ. ಆಗ ನನಗೆ ದವಡೆಯ ಸಂದಿ ನೆನಪಾಯಿತು. ಅವಳ ಬಾಯಿಗೆ ಎರಡು ಬೆರಳು ಹಾಕಿದೆ. ಕವಳ ದವಡೆಯಲ್ಲಿರಲಿಲ್ಲ. ನಾಲಿಗೆಯ ಬುಡದವರೆಗೆ ಜಾರಿ ಗಂಟಲಿಗೆ ಬಿರಡೆಯಂತೆ ಕೂತಿತ್ತು. ಕೊಕ್ಕೆಯಂತೆ ಬೆರಳು ಬಾಗಿಸಿ ಎಳೆದು ತೆಗೆದೆ.

ಶಿಬಿರದಲ್ಲಿ ಸೂಜಿ ಕುದಿಸುತ್ತಿದ್ದ ನರ್ಸಬಾಯಿ ಒಬ್ಬರಿದ್ದರು. ಕರಾವಳಿಯವರು, ಕೊಂಕಣಿ ಮನೆಮಾತಿನವರು, ಹೆರಿಗೆ ಮಾಡಿಸಿ ಪಳಗಿದವರು. ಅವರು ವೈದ್ಯರನ್ನು ಬದಿಗೆ ಸರಿಸಿ, “ಅಳದ ಶಿಶುವಿಗೆ ಮಾಡ್ತೇವಲ್ಲ ಡಾಕ್ಟರೇ, ಹಾಗೇ,” ಎಂದು ಒಂದು ತೆಳು ಬಟ್ಟೆಯನ್ನು ಅತ್ತೆಯ ಬಾಯಿಯ ಮೇಲೆ ಹರಡಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಊದಿದರು. ಸೆರಗು ಎದ್ದಿತು.

ಕಮಿಟಿಗೆ ಆಗ ಪ್ರಜ್ಞೆ ಬಂತು.

“ಅವ್ರು ಮಡಿ ಹೆಂಗಸು, ನರ್ಸಬಾಯಿ. ಬ್ಯಾರೆ ದಾರಿ ಇಲ್ಯಾ?” ಎಂದರು ಒಬ್ಬರು.

“ಯಾರ ಉಸಿರೋ ಯಾರ ಹೊಟ್ಟೆಗೋ. ನಾಳೆ ಮನೆಯವ್ರು ಕೇಳಿರೆ ಎಂತ ಹೇಳದು?” ಎಂದರು ಇನ್ನೊಬ್ಬರು.

ನರ್ಸಬಾಯಿಯ ಬಾಯಿಗೆ ಬೇರೆ ಕೆಲಸವಿತ್ತು. ಹನ್ನೊಂದು ಇಪ್ಪತ್ತನಾಲ್ಕರಿಂದ ನಲವತ್ತೊಂಬತ್ತರವರೆಗೆ, ಇಪ್ಪತ್ತೈದು ನಿಮಿಷ, ನಡುವೆ ಎರಡು ಸಲ ಕಿರಿಯ ವೈದ್ಯರಿಗೆ ಬಿಟ್ಟುಕೊಟ್ಟು, ಊದಿದರು. ಅಷ್ಟು ಹೊತ್ತೂ ಕಮಿಟಿ ಮಡಿಯ ವಿಚಾರವನ್ನು ಎಲ್ಲ ಮಗ್ಗುಲಿನಿಂದ ಚರ್ಚಿಸಿತು. ನಲವತ್ತೊಂಬತ್ತಕ್ಕೆ ಅತ್ತೆ ತಾನಾಗಿ ಒಂದು ಉಸಿರೆಳೆದಳು. ಮತ್ತೆ ಒಂದು. ಹನ್ನೆರಡೂ ಕಾಲಿಗೆ ಬಲಗಣ್ಣು ಹೊರಳಿಸಿ ಕಿಟಕಿಯ ಕಡೆ ನೋಡಿ, “ಈಗ ಕಾಣ್ತು,” ಎಂದಳು. ಸ್ವಲ್ಪ ತಡೆದು, ನಾಲಿಗೆಯಿಂದ ದವಡೆ ತಡವಿಕೊಂಡು, “ನನ್ ಕವಳ ಯಾರು ತೆಗದ್ದು?” ಎಂದಳು.

ಆ ದಿನ ಅವಳ ಪೊರೆ ತೆಗೆಯಲಿಲ್ಲ. ತೆಗೆಯದಿದ್ದದ್ದು ಸರಿ. ತಪ್ಪಿದ್ದು ಸಂಜೆ.

ಸಂಜೆ ಹೆಡ್ಮಾಸ್ತರರ ಕೋಣೆಯಲ್ಲಿ ಕಮಿಟಿ ಕೂತಿತು. ನಡುವೆ ಕವಳದ ತಟ್ಟೆ. ಅವರ ಹೆದರಿಕೆ ಒಂದೇ: ಸೂಜಿಯಿಂದ ಹೀಗಾಯಿತು ಎಂದು ಹಬ್ಬಿದರೆ ಮರುದಿನದ ರೋಗಿಗಳು ಚಾಪೆ ಸುತ್ತಿಕೊಂಡು ಊರಿಗೆ ಹೋಗುತ್ತಾರೆ, ಶಿರಸಿಯನ್ನು ಹಿಂದೆ ಹಾಕುವುದು ಹೇಗೆ? ಅಧ್ಯಕ್ಷರು ಹೊಸ ಎಲೆಗೆ ಸುಣ್ಣ ಸವರುತ್ತ ತೀರ್ಪು ಕೊಟ್ಟರು. “ಮದ್ದಿಂದು ಎಂತೂ ತಪ್ಪಿಲ್ಲೆ. ಉಳಿದವ್ರೆಲ್ಲ ಎದ್ದು ಕೂತಿದ್ವಿಲ್ಯಾ? ಇದು ತಂಬಾಕಿನ ಅಮಲು. ಎದೆ ಗಟ್ಟಿ ಇಲ್ಲೆ ಅವಕ್ಕೆ.” ಹೇಳಿ ಎಲೆಯನ್ನು ಬಾಯಿಗಿಟ್ಟುಕೊಂಡರು.

ಹಿರಿಯ ವೈದ್ಯರು ದಣಿದು ಕಣ್ಣು ಮುಚ್ಚಿ ಕೂತಿದ್ದರು. ಕಿರಿಯರು ಗೋಡೆಯ ನಕಾಶೆ ನೋಡುತ್ತಿದ್ದರು. ಅವರಿಬ್ಬರನ್ನು ನಾನು ಹೆಚ್ಚು ಹಳಿಯಲಾರೆ. ಏನಾಯಿತೆಂದು ಅವರಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎಂದು ಬರೆಯಬಹುದಿತ್ತು. ನಮ್ಮಲ್ಲಿ ಗೊತ್ತಿಲ್ಲ ಎನ್ನುವುದಕ್ಕಿಂತ ಒಬ್ಬ ಮುದುಕಿಯ ಎದೆ ಕೆಟ್ಟಿದೆ ಎನ್ನುವುದು ಹೆಚ್ಚು ಗೌರವದ ಮಾತು.

ಕಾಗದ ಬರೆಯಲು ನನಗೇ ಹೇಳಿದರು. ‘ಸದರಿ ರೋಗಿಯು ಕದ್ದು ಕವಳ ಹಾಕಿದ್ದರಿಂದ ತಂಬಾಕಿನ ಅಮಲಿನಿಂದ ಪ್ರಜ್ಞೆ ತಪ್ಪಿದ್ದು, ಎದೆ ದುರ್ಬಲವಾಗಿರುವುದರಿಂದ ಕಣ್ಣಿನ ಶಸ್ತ್ರಕ್ರಿಯೆಗೆ ಯೋಗ್ಯಳಲ್ಲ.’ ಕೆಳಗೆ ಸಾಕ್ಷಿ ಎಂದು ನನ್ನ ಸಹಿ. ಅಧ್ಯಕ್ಷರ ಕೈಯಲ್ಲಿ ನನ್ನ ಮಾಸ್ತರಿಕೆ ಇತ್ತು, ಅದು ನಿಜ. ಆದರೆ ನಾನು ಸಹಿ ಮಾಡಿದ್ದು ಅದಕ್ಕಾಗಿಯಲ್ಲ. ಕವಳಕ್ಕೆ ಹೂಂ ಎಂದವನು ನಾನು, ಕೊಂದೇ ಬಿಡುತ್ತಿದ್ದೆ ಎಂದು ನಾನೂ ನಂಬಿದ್ದೆ. ತಪ್ಪು ನನ್ನದೇ ಎಂದು ಒಪ್ಪಿಕೊಳ್ಳುವಾಗ ಮನುಷ್ಯ ತಾನು ಬಲು ಪ್ರಾಮಾಣಿಕ ಎಂದುಕೊಳ್ಳುತ್ತಾನೆ. ನೋಟಬುಕ್ಕು ಮೊಣಕೈಯ ಪಕ್ಕದಲ್ಲೇ ಇದ್ದರೂ ನಾನು ಅದನ್ನು ತೆರೆಯಲಿಲ್ಲ.

ಸಮಾರೋಪದ ದಿನ ಒಟ್ಟು ಕಣ್ಣುಗಳ ಸಂಖ್ಯೆ ಓದಿದರು. ಶಿರಸಿಗಿಂತ ಒಂದು ಹೆಚ್ಚು. ಸೂಜಿ ಚುಚ್ಚಿದ್ದಾಗಿದೆ ಎಂಬ ಕಾರಣಕ್ಕೆ ಅತ್ತೆಯ ಕಣ್ಣನ್ನೂ ಸೇರಿಸಿದ್ದರು. ಆ ಹೆಚ್ಚಿನ ಒಂದು ಅವಳದು. ನರ್ಸಬಾಯಿಗೆ ಹಾರ ಹಾಕುವುದು ಮರೆತುಹೋಯಿತು. ಬಿಳಗಿಯಲ್ಲಿ ಅತ್ತೆಗೆ ಪಂಚಗವ್ಯ ಕುಡಿಸಿ ಆ ಉಸಿರಿನ ಮೈಲಿಗೆ ತೆಗೆದರು. ಅದು ಮಾತ್ರ ಮರೆಯಲಿಲ್ಲ.

ಅತ್ತೆ ಕವಳ ಬಿಟ್ಟಳು. ಬಿಟ್ಟರೆ ಎದೆ ಗಟ್ಟಿಯಾಗುತ್ತದೆ, ಕಣ್ಣು ಮಾಡುತ್ತಾರೆ ಎಂದು ನಂಬಿದ್ದಳು. ಐವತ್ತು ವರ್ಷದ ಚಟ. ಖಾಲಿ ಕವಳದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಚ್ಚಳ ತೆಗೆದು ಹಾಕುತ್ತ ಕೂರುತ್ತಿದ್ದಳು. ಎರಡನೆಯ ವರ್ಷ ಬಲಗಣ್ಣೂ ಮಂಜಾಯಿತು. ಮಿಡಿಯನ್ನು ಬೆರಳಿನಿಂದ ಸವರಿ ಆರಿಸಲು ನೋಡಿದಳು. ಭರಣಿಗಳು ಕೆಟ್ಟವು. ಮೂರನೆಯ ವರ್ಷ ಮಿಡಿಯ ಬುಟ್ಟಿಯನ್ನು ಅವಳ ಮುಂದೆ ಇಡುವುದನ್ನೇ ಮನೆಯವರು ನಿಲ್ಲಿಸಿದರು.

ಶಿರಸಿಯಲ್ಲಿ ಒಬ್ಬ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವರು ಕಣ್ಣು ನೋಡುವುದಕ್ಕೂ ಮೊದಲು ಹಳೆಯ ಕಾಗದವೇನಾದರೂ ಇದೆಯೇ ಎಂದು ಕೇಳಿದರು. ಕೊಟ್ಟೆ. ಓದಿ ಮಡಚಿ ತಿರುಗಿ ಕೊಟ್ಟರು. “ಬರೆದೇ ಇಟ್ಟಿದ್ದಾರಲ್ಲ ಮಾಸ್ತರೇ. ಇದರ ಮೇಲೆ ನಾನು ಕೈ ಹಾಕಿದರೆ ನಾಳೆ ನನ್ನ ತಲೆಗೆ.” ಎದೆಗೆ ಕೊಳವೆ ಇಟ್ಟು ಕೇಳಲೂ ಇಲ್ಲ. ನನ್ನ ಅಕ್ಷರ ಅಷ್ಟು ಸ್ಪಷ್ಟವಾಗಿತ್ತು.

ಅದೇ ಬೇಸಿಗೆ ಶಾಲೆಯ ಕಪಾಟು ಖಾಲಿ ಮಾಡುವಾಗ ಸೀಮೆಸುಣ್ಣದ ಡಬ್ಬಿಗಳ ಹಿಂದೆ ಆ ನೋಟಬುಕ್ಕು ಸಿಕ್ಕಿತು. ನಿಂತಲ್ಲೇ ಓದಿದೆ. ಹದಿನಾಲ್ಕು, ಸೂಜಿ. ಹದಿನಾರು, ಈ ಬದಿದೂ ಕಾಣ್ತಿಲ್ಲೆ. ಹದಿನೆಂಟು, ನಾಲಿಗೆ. ಇಪ್ಪತ್ತು, ನಿದ್ದೆ. ಇಪ್ಪತ್ತೊಂದು, ಉಸಿರು. ತಂಬಾಕಿನ ಅಮಲು ಐವತ್ತು ವರ್ಷ ಹತ್ತದೆ ಇದ್ದದ್ದು ಅವತ್ತೇ ಹತ್ತಿತು ಎಂದು ಒಪ್ಪಿಕೊಂಡರೂ, ಅದು ಮೊದಲು ಹೋಗಿ ತೆರೆದ ಕಣ್ಣನ್ನು ನಂದಿಸುವುದು ಹೇಗೆ? ಕವಳ ಗಂಟಲಿಗೆ ಬಂದದ್ದು ಎಲ್ಲಕ್ಕಿಂತ ಕೊನೆಗೆ, ಬಾಯಿಯ ಹಿಡಿತ ತಪ್ಪಿದ ಮೇಲೆ. ಈ ಕ್ರಮವನ್ನು ಬರೆದವನು ನಾನು. ಇದಕ್ಕೆ ವಿರುದ್ಧ ಸಹಿ ಮಾಡಿದವನೂ ನಾನು. ನೋಟಬುಕ್ಕನ್ನು ಕಪಾಟಿಗೆ ತಿರುಗಿ ಇಡದೆ ಮನೆಗೆ ತಂದೆ.

ಮುಂದಿನ ಚಳಿಗಾಲದಲ್ಲಿ ಯಲ್ಲಾಪುರದಲ್ಲಿ ಶಿಬಿರವಾಯಿತು. ಶಿರಸಿಯಲ್ಲಿ ಬಸ್ಸು ಬದಲಿಸಿ ಹೋದೆವು. ದಾರಿಯಲ್ಲಿ ಅವಳು ಕೇಳಿದಳು. “ಅವ್ರೂ ಕಾಗದ ಕೇಳಿರೆ ಎಂತ ಮಾಡ್ತೆ?”

“ಎರಡನ್ನೂ ತಂದಿದ್ದೆ,” ಎಂದೆ.

“ಎರಡು ಎಂತ?”

ನಾನು ಟಿಕೆಟ್ಟಿಗೆ ಚಿಲ್ಲರೆ ಎಣಿಸತೊಡಗಿದೆ.

ಅಲ್ಲಿಯ ವೈದ್ಯರು ಧಾರವಾಡದ ಕಡೆಯವರು, ವಯಸ್ಸಾದವರು. ಕಾಗದ ಓದಿದರು. ಆಮೇಲೆ ನೋಟಬುಕ್ಕು ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು.

“ಮೊದಲ ಕತ್ತಲಾತೋ, ಮೊದಲ ನಿದ್ದಿ ಬಂತೋ? ನೆನಪ ಮಾಡಿಕೊಂಡ ಹೇಳ್ರಿ. ಅವಸರಿಲ್ಲ.”

“ಮೊದಲು ಕತ್ತಲೆ,” ಎಂದೆ. ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಅವರು ಅತ್ತೆಯ ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. “ಎದಿ ಚಲೋ ಅದ ಅಜ್ಜಿ. ನನ್ನದಕ್ಕಿಂತ ಚಲೋ ಅದ.” ಆಮೇಲೆ ನನಗೆ ಹೇಳಿದರು. “ಕಣ್ಣಿನ ಹಿಂದಿನ ನರ ಅಂದ್ರ ಮಿದುಳಿಗೆ ಹೋಗೋ ದಾರಿ. ಅದರ ಸುತ್ತ ಒಂದು ಹೊದಿಕಿ ಅದ, ಕೊಳವೀ ಹಂಗ. ಸೂಜಿ ತುದಿ ಅದರೊಳಗ ಹೊಕ್ಕಿದ್ರ ಮದ್ದು ಅಲ್ಲೇ ನಿಲ್ಲಂಗಿಲ್ಲ, ಒಳಗ ಹರೀತದ. ಹೋಗತಾ ಇನ್ನೊಂದ ಕಣ್ಣಿನ ನರಕ್ಕೂ ತಾಗತದ. ಮುಂದ ಉಸಿರ ನಡಸೋ ಜಾಗಾ. ಮದ್ದಿನ ಜೋರು ಇಳಿಯೋತನಕ ಯಾರರ ಉಸಿರು ಕೊಟ್ರ ಉಳೀತಾರ, ಇಲ್ಲಾಂದ್ರ ಇಲ್ಲ. ಇಂಥಾದ್ದು ಭಾಳ ಅಪರೂಪ. ನಾ ಕಂಡಿಲ್ಲ, ಓದಿದ್ದೂ ನೆನಪಿಲ್ಲ. ಖರೇನ ಹಿಂಗ ಆತು ಅಂತ ಆಣಿ ಮಾಡಿ ಹೇಳಂಗಿಲ್ಲ. ಆದ್ರ ನೀವು ಬರದ ಕ್ರಮ ನೋಡಿದ್ರ ನನಗ ಬ್ಯಾರೆ ಏನೂ ತೋರಂಗಿಲ್ಲ.”

“ಹಂಗಾರೆ ಕವಳದ್ದು?” ಎಂದಳು ಅತ್ತೆ.

“ಅದು ಆಮ್ಯಾಲ ಬಂದು ಬಾಗಲಾ ಹಾಕ್ತು ಅಜ್ಜಿ. ಬೆಂಕಿ ಹಚ್ಚಿದ್ದು ಅದಲ್ಲ.” ಅವರು ಕಾಗದವನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದರು. “ಇದನ್ನ ಬರದಾವ ಯಾವ ಶಾಣ್ಯಾ?”

“ನಾನೇ,” ಎಂದೆ.

ಅತ್ತೆ ಪಕ್ಕದಲ್ಲೇ ಕೂತಿದ್ದಳು. ಕಾಗದವೊಂದಿದೆ ಎಂದು ಅವಳಿಗೆ ಗೊತ್ತಿತ್ತು. ಬರೆದವರು ಯಾರು ಎಂದು ಗೊತ್ತಿರಲಿಲ್ಲ. ಅವಳು ಮುಖವನ್ನು ನಾನಿದ್ದ ಕಡೆಗೆ ತಿರುಗಿಸಿದಳು. ಎರಡು ಬೆಳ್ಳನೆಯ ಕಣ್ಣುಗಳು.

ಮರುದಿನ ಅವಳ ಎಡಗಣ್ಣಿನ ಪೊರೆ ತೆಗೆದರು. ಕಣ್ಣಿನ ಹಿಂದಕ್ಕೆ ಸೂಜಿ ಹಾಕಲಿಲ್ಲ. ಮರಗಟ್ಟಿಸುವ ಹನಿಗಳನ್ನು ಮತ್ತೆ ಮತ್ತೆ ಹಾಕಿದರು. ರೆಪ್ಪೆ ಬಿಗಿಯದಂತೆ ಕಿವಿಯ ಮುಂದೆ ಮಾತ್ರ ಒಂದು ಸಣ್ಣ ಸೂಜಿ. ತಲೆಯ ಹತ್ತಿರ ಒಬ್ಬ ನರ್ಸು ಅವಳ ಎದೆಯ ಮೇಲೆ ಕೈಯಿಟ್ಟು ನಿಂತಿದ್ದರು. ನನ್ನನ್ನು ಹೊರಗೆ ನಿಲ್ಲಿಸಿದ್ದರು. ಗಡಿಯಾರ ನೋಡುತ್ತಲೇ ಇದ್ದೆ. ಎರಡನೆಯ ನಿಮಿಷ ದಾಟಿತು, ಏಳನೆಯದು ದಾಟಿತು. ಆಮೇಲೆ ನೋಡಲಾಗಲಿಲ್ಲ.

“ನೋವಾತಾ?” ಎಂದು ಆಮೇಲೆ ಕೇಳಿದೆ.

“ಆತು. ನೋವಾಗೋದು ಗೊತ್ತಾಗ್ತಿತ್ತಲ, ಅಷ್ಟು ಸಾಕು.”

ಕಟ್ಟು ಬಿಚ್ಚಿ, ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಬರುವ ಹೊತ್ತಿಗೆ ಮಿಡಿಯ ಕಾಲ ಬಂದಿತ್ತು. ನಾನು ಬಿಳಗಿಗೆ ಹೋದಾಗ ಅತ್ತೆ ಹಿತ್ತಲ ಕಡೆಯ ಬೆಳಕಿನಲ್ಲಿ ಗೋಣಿ ಹಾಸಿ ಕೂತಿದ್ದಳು. ಬಾಯಲ್ಲಿ ಕವಳ. ಎದುರಿಗೆ ಮಿಡಿಯ ಬುಟ್ಟಿ. ಒಂದೊಂದನ್ನೇ ಎತ್ತಿ ತೊಟ್ಟಿನಿಂದ ತುದಿಯವರೆಗೆ ತಿರುಗಿಸಿ ನೋಡಿ, ಒಳ್ಳೆಯದನ್ನು ಬಲಕ್ಕೆ, ಚುಕ್ಕಿ ಬಿದ್ದದ್ದನ್ನು ಎಡಕ್ಕೆ ಹಾಕುತ್ತಿದ್ದಳು.

“ಆ ಕಾಗದ ಇದ್ದಾ ನಿನ್ ಹತ್ರ?” ಎಂದಳು, ತಲೆ ಎತ್ತದೆ.

ಇತ್ತು. ಅಂಗಿಯ ಕಿಸೆಯಿಂದ ತೆಗೆದು ಕೊಟ್ಟೆ. ಅವಳಿಗೆ ಓದಲು ಬರುತ್ತಿತ್ತು, ನಿಧಾನ. ಕೈ ಒರೆಸಿಕೊಂಡು, ಕನ್ನಡಕದಿಂದ ಸ್ವಲ್ಪ ದೂರ ಹಿಡಿದು, ಪ್ರತಿ ಅಕ್ಷರಕ್ಕೂ ತುಟಿ ಅಲುಗಿಸುತ್ತ ಓದಿದಳು. ‘ಯೋಗ್ಯಳಲ್ಲ’ ಎಂಬಲ್ಲಿ ನಿಂತಳು. ಕೆಳಗೆ ನನ್ನ ಸಹಿಯನ್ನೂ ಓದಿದಳು.

“ಅಕ್ಷರ ಚೊಲೋ ಇದ್ದು,” ಎಂದಳು.

ಕಾಗದವನ್ನು ಎಡಗಡೆಯ ಗುಡ್ಡೆಯ ಮೇಲಿಟ್ಟು, ಹಾರದಂತೆ ಅದರ ಮೇಲೊಂದು ಚುಕ್ಕಿ ಬಿದ್ದ ಮಿಡಿ ಹೇರಿ, ಬುಟ್ಟಿಯಿಂದ ಇನ್ನೊಂದನ್ನು ಎತ್ತಿ ಬೆಳಕಿಗೆ ಹಿಡಿದಳು.